ಕಾಯಕದ ಒರೆಗಲ್ಲು: ಲಕ್ಕಮ್ಮನಿಂದ ಸಿದ್ಧರಾಮನವರೆಗೆ

ಕಾಯಕವೂ ಕೈಲಾಸವೂ ಒಂದೇ ಎಂದು ಸಾರುವ ಎರಡು ಪದಗಳ ಮಾತೊಂದು ನಮ್ಮಲ್ಲಿ ಗೋಡೆಯಿಂದ ಗೋಡೆಗೆ ಸಾಗಿ ಬಂದಿದೆ. ಶಾಲೆಯ ಪಡಸಾಲೆ, ಕಚೇರಿಯ ಬಾಗಿಲು, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲ್ಭಾಗ, ಸಮಾರಂಭದ ವೇದಿಕೆ, ಹೀಗೆ ಎಲ್ಲಿ ನೋಡಿದರೂ ಅದು ಕಾಣುತ್ತದೆ. ಗಡಿಯಾಚೆ ನೆಲೆ ನಿಂತ ನಮ್ಮಂಥ ಕನ್ನಡಿಗರಿಗಂತೂ ಅದು ಮನೆತನದ ಹೆಸರಿನಷ್ಟೇ ಆಪ್ತವಾದದ್ದು. ದಿನನಿತ್ಯದ ಬದುಕಿನಲ್ಲಿ ಅಧ್ಯಾತ್ಮದ ಅರ್ಥವನ್ನು ಕಾಣುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾವು ಹಿಂದುಮುಂದು ನೋಡದೆ ಆ ಎರಡು ಪದಗಳನ್ನು ಮುಂದಿಡುತ್ತೇವೆ. ಉತ್ತರ ಸಿಕ್ಕಿತೆಂದು ಕೇಳಿದವರೂ ಸುಮ್ಮನಾಗುತ್ತಾರೆ, ಹೇಳಿದ ನಾವೂ ಸುಮ್ಮನಾಗುತ್ತೇವೆ.

ನಾವು ಕನ್ನಡ ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿ ಅಧಿಕಾರ ವಹಿಸಿಕೊಂಡ ವರ್ಷ ಮಾಡಿಸಿದ ಮೊದಲ ಕೆಲಸಗಳಲ್ಲಿ ಒಂದು, ಆ ಮಾತನ್ನು ಪಡಸಾಲೆಯ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸಿದ್ದು. ಬಣ್ಣ ಇನ್ನೂ ಹಸಿಯಾಗಿತ್ತು. ದಿನವೂ ಆ ಪಡಸಾಲೆಯ ಕಸ ಗುಡಿಸುತ್ತಿದ್ದ ಹೆಣ್ಣುಮಗಳು ಕಸಬರಿಗೆ ಹಿಡಿದು ನಿಂತು, "ಗ್ವಾಡಿ ಮ್ಯಾಲ ಏನ ಬರಸೀರಿ ಸರ?" ಎಂದು ಕೇಳಿದಳು. ನಾವು ಆ ಮಾತಿನ ಅರ್ಥವನ್ನು ವಿಸ್ತರಿಸಿ ಹೇಳಿದೆವು. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, "ಹಂಗಿದ್ರ ನಂದು ಎರಡ ತಿಂಗಳ ಪಗಾರ ಕೈಲಾಸದಾಗ ಕೊಡ್ತಾರೇನ್ರಿ?" ಎಂದಳು. ನಾವು ನಕ್ಕೆವು, ಆಕೆ ನಗಲಿಲ್ಲ. ಆಕೆಯ ಕೂಲಿಯ ಬಿಲ್ಲು ನಮ್ಮ ಮೇಜಿನ ಮೇಲೆಯೇ ನಮ್ಮ ಸಹಿಗಾಗಿ ಕಾದು ಬಿದ್ದಿತ್ತು.

ಅಂದು ಸಂಜೆ ಸಹಿಯನ್ನೇನೋ ಮಾಡಿದೆವು. ಆದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಹನ್ನೆರಡನೆಯ ಶತಮಾನದ ದುಡಿಯುವವರ ಬಾಯಿಂದ ಬಂದ ಮಾತು ಇಂದಿನ ದುಡಿಯುವವಳ ಕಿವಿಗೆ ಅಣಕದಂತೆ ಕೇಳಿಸುವುದಾದರೆ ತಪ್ಪು ಮಾತಿನದೋ, ಓದಿದವರದೋ? ಈ ಲೇಖನದಲ್ಲಿ ನಾವು ವಿಚಾರ ಮಾಡಬಯಸುವುದು ಇಷ್ಟನ್ನೇ.

ಮೊದಲು ಮಾತಿನ ಮೂಲವನ್ನು ನೋಡೋಣ. ಅದು ಬಸವಣ್ಣನವರದೆಂದು ಸಭೆಗಳಲ್ಲಿ ಹೇಳುವುದು ರೂಢಿಯಾಗಿದೆ. ಅದು ಕಾಣಿಸಿಕೊಳ್ಳುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಮಾರಯ್ಯ ಮತ್ತು ಆತನ ಮಡದಿ ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದವರು. ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲಿಯೇ ದಾಸೋಹ ನಡೆಸಿ ಬಾಳಿದವರು. ಗುರು, ಲಿಂಗ, ಜಂಗಮಗಳಿಗೆ ಸಲ್ಲಿಸುವ ಮರ್ಯಾದೆಗಿಂತಲೂ ಕೈಹಿಡಿದ ಕಾಯಕದ ಹೊಣೆ ಮೊದಲು ಎಂಬುದು ಮಾರಯ್ಯನ ಆ ವಚನದ ತಿರುಳು. ಇಷ್ಟು ದಿಟ್ಟವಾದ ಮಾತನ್ನು ಆಡಿದವನು ಅರಸನಲ್ಲ, ಮಂತ್ರಿಯಲ್ಲ, ಮಠಾಧಿಪತಿಯಲ್ಲ. ಇತರರು ಚೆಲ್ಲಿದ್ದನ್ನು ಬಾಗಿ ಆಯ್ದುಕೊಳ್ಳುವವನು. ಮಾತಿನ ಬಲವಿರುವುದು ಇಲ್ಲಿಯೇ.

ವಚನದಲ್ಲಿ ಈ ಮಾತು ಉತ್ತಮ ಪುರುಷದ್ದು: ತಾನು ತನ್ನ ಮೇಲೆ ಹೊರಿಸಿಕೊಂಡ ನೇಮ. ಗೋಡೆಯ ಮೇಲೇರಿದೊಡನೆ ಅದು ಮಧ್ಯಮ ಪುರುಷದ್ದಾಗುತ್ತದೆ: ಮೇಲಿನವರು ಕೆಳಗಿನವರಿಗೆ ಕೊಡುವ ಆಜ್ಞೆ. ಪದಗಳು ಬದಲಾಗಿಲ್ಲ, ಅಕ್ಷರವೂ ಬದಲಾಗಿಲ್ಲ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಮಾತ್ರ ಬದಲಾಗಿದೆ, ಅದರೊಂದಿಗೆ ಅರ್ಥವೂ ತಲೆಕೆಳಗಾಗಿದೆ. ತರಗತಿಯಲ್ಲಿ ಪುರುಷವಾಚಕ ಸರ್ವನಾಮಗಳ ಪಾಠವನ್ನು ಅದೆಷ್ಟೋ ವರ್ಷ ಮಾಡಿದ ನಮಗೆ ಈ ಸಣ್ಣ ವ್ಯತ್ಯಾಸ ಹೊಳೆಯಲು ಕಸಬರಿಗೆ ಹಿಡಿದವಳ ಪ್ರಶ್ನೆಯೇ ಬೇಕಾಯಿತು.

ಆ ವಚನವನ್ನು ಒಂಟಿಯಾಗಿ ಓದುವುದೂ ಸರಿಯಲ್ಲ. ಅದು ಗಂಡಹೆಂಡಿರ ನಡುವಿನ ಒಂದು ದೀರ್ಘ ಸಂವಾದದ ತುಣುಕು. ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗವನ್ನು ಪೂರ್ಣವಾಗಿ ಓದಿದವರಿಗೆ, ಮಾರಯ್ಯನಿಗಿಂತ ಲಕ್ಕಮ್ಮನ ದನಿಯೇ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ಅನುಭಾವದ ಮಾತುಕತೆಯಲ್ಲಿ ಮೈಮರೆತ ಗಂಡನಿಗೆ, ಕೆಲಸ ನಿಂತುಹೋಗಿದೆ ಎಂದು ಎಚ್ಚರಿಸುವವಳು ಆಕೆ. ಎಚ್ಚರಗೊಂಡವನು ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಹೆಚ್ಚಿನದು ಎಲ್ಲಿಯದು, ಇದು ನಿಮ್ಮ ಮನಸ್ಸಿನ ಆಸೆಯಲ್ಲವೇ ಎಂದು ಪ್ರಶ್ನಿಸಿ ಮರಳಿ ಕಳುಹಿಸುವವಳೂ ಆಕೆಯೇ.

ಈ ಎರಡು ಮಾತುಗಳನ್ನು ಜೊತೆಯಾಗಿ ನೋಡಬೇಕು. ಮೊದಲನೆಯದು ಕೆಲಸ ಬಿಟ್ಟು ಅಧ್ಯಾತ್ಮದ ಮಾತಿನಲ್ಲಿ ಕಾಲ ಕಳೆಯುವವನಿಗೆ ಹೇಳಿದ್ದು. ಎರಡನೆಯದು ಕೆಲಸದ ಹುಮ್ಮಸ್ಸಿನಲ್ಲಿ ಅಳತೆ ಮೀರಿದವನಿಗೆ ಹೇಳಿದ್ದು. ಗೋಡೆಯ ಬರಹದಲ್ಲಿ ಮೊದಲ ಎಚ್ಚರಿಕೆ ಮಾತ್ರ ಉಳಿದುಕೊಂಡಿದೆ. ಎರಡನೆಯದನ್ನು ನಾವು ಜಾಣತನದಿಂದ ಕೈಬಿಟ್ಟಿದ್ದೇವೆ. ಹೆಚ್ಚು ದುಡಿದಷ್ಟೂ ಹೆಚ್ಚು ಪುಣ್ಯ ಎಂಬುದು ಲಕ್ಕಮ್ಮನ ಲೆಕ್ಕವಲ್ಲ. ಬೇಕಾದಷ್ಟು ದುಡಿದು, ಹಂಚಿ, ಸಾಕು ಎನ್ನುವಲ್ಲಿ ಕಾಯಕ ಪೂರ್ಣವಾಗುತ್ತದೆ ಎಂಬುದು ಆಕೆಯ ಲೆಕ್ಕ. ಆಕೆಯ ಹೆಸರಿನಲ್ಲಿ ಉಳಿದಿರುವ ವಚನಗಳು ಇಪ್ಪತ್ತೈದರಷ್ಟು ಮಾತ್ರ. ಆದರೆ ಕಾಯಕವೆಂಬ ಪದಕ್ಕೆ ಅಂಚು ಕಟ್ಟಿದವಳು ಆಕೆ. ಅಂಚಿಲ್ಲದ ಬಟ್ಟೆ ಎಳೆ ಬಿಡುತ್ತದೆ ಎಂಬುದನ್ನು ನೇಕಾರರ ಊರಾದ ಸೊಲ್ಲಾಪುರದವರಿಗೆ ನಾವು ಹೇಳಬೇಕಾಗಿಲ್ಲ.

ಶಾಲೆಯ ಆ ಹೆಣ್ಣುಮಗಳ ಕಾರಣದಿಂದ ನಾವು ಮತ್ತೊಮ್ಮೆ ಹುಡುಕಿ ಓದಿದ ಇನ್ನೊಬ್ಬ ವಚನಕಾರ್ತಿ ಸತ್ಯಕ್ಕ. ಶಿರಾಳಕೊಪ್ಪದ ಬಳಿಯ ಜಂಬೂರಿನವಳು. ಭಕ್ತರ ಮನೆಯಂಗಳ ಗುಡಿಸುವುದು ಆಕೆಯ ಕಾಯಕವೆಂದು ಪರಂಪರೆ ಹೇಳುತ್ತದೆ. ಆಕೆಯ ಒಂದು ವಚನ ಶಪಥದ ರೂಪದಲ್ಲಿದೆ. ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಚಿನ್ನವೋ ಬಟ್ಟೆಯೋ ಬಿದ್ದಿದ್ದರೂ ಮುಟ್ಟಿ ಎತ್ತುವುದಿಲ್ಲ ಎಂಬುದು ಅದರ ಸಾರ. ಸಾಮಾನ್ಯವಾಗಿ ಇದನ್ನು ಪ್ರಾಮಾಣಿಕತೆಯ ಒಂದು ಮಾದರಿ ಎಂದು ಪಾಠ ಹೇಳಿ ಮುಂದಕ್ಕೆ ಹೋಗುತ್ತೇವೆ. ಆದರೆ ಶಪಥದ ವಸ್ತುವನ್ನು ಆಕೆಯ ಕೆಲಸದೊಂದಿಗೆ ಇಟ್ಟು ನೋಡಿರಿ. ನೆಲ ಗುಡಿಸುವವಳ ಕಣ್ಣು ದಿನವಿಡೀ ನೆಲದ ಮೇಲಿರುತ್ತದೆ. ಇತರರ ಕೈಯಿಂದ ಜಾರಿ ಬಿದ್ದದ್ದು ಮೊದಲು ಸಿಗುವುದು ಆಕೆಗೆ. ಬೇರೆ ಯಾರಿಗೂ ಬಾರದ ಪರೀಕ್ಷೆ ಆಕೆಗೆ ಕ್ಷಣಕ್ಷಣಕ್ಕೂ ಬರುತ್ತದೆ. ಸತ್ಯಕ್ಕ ತನ್ನ ವ್ರತವನ್ನು ಶಾಸ್ತ್ರದಿಂದ ಎರವಲು ತರಲಿಲ್ಲ, ತನ್ನ ಕಸಬರಿಗೆಯ ತುದಿಯಿಂದಲೇ ಎತ್ತಿಕೊಂಡಳು.

ಈ ಬೆಳಕಿನಲ್ಲಿ ಲಕ್ಕಮ್ಮನ ಪ್ರಸಂಗಕ್ಕೆ ಮರಳಿದರೆ ಅಲ್ಲಿಯೂ ಇದೇ ವಿನ್ಯಾಸ ಕಾಣುತ್ತದೆ. ಚೆಲ್ಲಿದ ಕಾಳು ಆಯುವವನಿಗೆ ಎದುರಾಗುವ ಆಮಿಷವೆಂದರೆ ಇನ್ನೊಂದು ಹಿಡಿ. ಕೇಳುವವರಿಲ್ಲ, ಕಳವೂ ಅಲ್ಲ, ನೆಲದ ಮೇಲೆ ಬಿದ್ದದ್ದೇ ತಾನೆ? ಲಕ್ಕಮ್ಮ ತಡೆಹಿಡಿದದ್ದು ಆ ಇನ್ನೊಂದು ಹಿಡಿಯನ್ನು. ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕಥೆಯಲ್ಲಿ ಇದೇ ಮಾತು ಇನ್ನೊಂದು ಬಗೆಯಲ್ಲಿ ಬರುತ್ತದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿದ್ದರೂ ಆತ ತಿರುಗಿ ನೋಡದೆ ಹೊರೆ ಹೊತ್ತು ನಡೆದನಂತೆ. ಲಿಂಗವೇ ಹಿಂದೆ ಹಿಂದೆ ಬಂದು ಬೇಡಿಕೊಂಡಿತಂತೆ, ಮಡಿವಾಳ ಮಾಚಯ್ಯ ನಡುವೆ ನಿಂತು ಇಬ್ಬರನ್ನೂ ಒಂದುಗೂಡಿಸಿದನಂತೆ. ಇದನ್ನು ಪವಾಡವೆಂದು ಓದುವವರು ಓದಲಿ. ನಮಗೆ ಕಾಣುವುದು, ಭಕ್ತಿಯೂ ಕೆಲಸಗಳ್ಳನಿಗೆ ಒಂದು ನೆವವಾಗಬಲ್ಲದು ಎಂಬ ಎಚ್ಚರ. ಪೂಜೆಯ ಹೆಸರಿನಲ್ಲಿ ಹೊಣೆಯಿಂದ ಜಾರಿಕೊಳ್ಳುವುದು ಭಕ್ತನಾದ ಕಾಯಕಜೀವಿಗೆ ಬರುವ ಅತ್ಯಂತ ಗೌರವಾನ್ವಿತವಾದ ಆಮಿಷ. ಚಂದಯ್ಯ ಅದನ್ನೂ ಬಿಟ್ಟುಕೊಟ್ಟ.

ಹೀಗೆ ಓದುತ್ತ ಹೋದಂತೆ ನಮಗೆ ಒಂದು ಸೂತ್ರ ಗೋಚರಿಸಿತು. ಪ್ರತಿಯೊಂದು ಕೆಲಸಕ್ಕೂ ಅದರದೇ ಆದ ಒಂದು ಆಮಿಷವಿದೆ. ಆ ಆಮಿಷ ಎದುರಾಗುವ ಸ್ಥಳದಲ್ಲಿಯೇ ಆ ಕೆಲಸದ ಅಧ್ಯಾತ್ಮವೂ ಎದುರಾಗುತ್ತದೆ. ದುಡಿಮೆ ತನ್ನಷ್ಟಕ್ಕೆ ತಾನೇ ಪವಿತ್ರವೆಂದು ಶರಣರು ಹೇಳಲಿಲ್ಲ. ದುಡಿಮೆ ಒಂದು ಒರೆಗಲ್ಲು ಎಂದರು. ಒರೆಗಲ್ಲಿಗೆ ಯಾರೂ ಪೂಜೆ ಸಲ್ಲಿಸುವುದಿಲ್ಲ, ಅದರ ಮೇಲೆ ಚಿನ್ನವನ್ನು ತಿಕ್ಕಿ ನೋಡುತ್ತಾರೆ.

ಈ ಸೂತ್ರ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ಪರೀಕ್ಷಿಸಲು ನಮ್ಮ ಊರಿನ ಸಿದ್ಧರಾಮನಿಗಿಂತ ಯೋಗ್ಯವಾದ ನಿದರ್ಶನವಿಲ್ಲ. ಸತ್ಯಕ್ಕನದೂ ಲಕ್ಕಮ್ಮನದೂ ಸಣ್ಣ ಕೆಲಸ. ಸಿದ್ಧರಾಮನದು ದೊಡ್ಡ ಕೆಲಸ. ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರದಲ್ಲಿ ಕೆರೆ ತೋಡಿಸಿದವನು, ಗುಡಿಗಳನ್ನು ಕಟ್ಟಿಸಿದವನು, ಅರವತ್ತೆಂಟು ಲಿಂಗಗಳ ಸ್ಥಾಪಕನೆಂದು ಈ ನೆಲ ನೆನೆಯುವವನು. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳನ್ನು ಹೊತ್ತು ಆ ಲಿಂಗಗಳನ್ನು ಸುತ್ತುವ ನಮ್ಮ ಹುಡುಗರಿಗೆ ಅವನ ಕಥೆಯನ್ನು ಯಾರೂ ಓದಿ ಹೇಳಬೇಕಾಗಿಲ್ಲ. ಆದರೆ ಅವನ ಬಗೆಗೆ ಕನ್ನಡದಲ್ಲಿ ಎರಡು ಬಗೆಯ ಕಥನಗಳಿವೆ ಎಂಬುದನ್ನು ಅನೇಕರು ಗಮನಿಸಿಲ್ಲ.

ಮೊದಲನೆಯದು ರಾಘವಾಂಕನ ‘ಸಿದ್ಧರಾಮ ಚಾರಿತ್ರ’. ಹಂಪೆಯ ಹರಿಹರನ ಸೋದರಳಿಯನೂ ಶಿಷ್ಯನೂ ಆದ ಈ ಕವಿ ಷಟ್ಪದಿಯಲ್ಲಿ ಬರೆದ ಕಾವ್ಯ. ಇದರಲ್ಲಿ ಬರುವ ಬಾಲ್ಯದ ಪ್ರಸಂಗ ಕನ್ನಡ ಸಾಹಿತ್ಯದ ಅತ್ಯಂತ ಆರ್ದ್ರವಾದ ಭಾಗಗಳಲ್ಲಿ ಒಂದು. ದನ ಕಾಯುವ ಹುಡುಗನ ಬಳಿಗೆ ಮಲ್ಲಯ್ಯ ಜಂಗಮನ ವೇಷದಲ್ಲಿ ಬರುತ್ತಾನೆ. ಹೊಲದ ಸುಟ್ಟ ತೆನೆಯನ್ನು ತಿನ್ನುತ್ತಾನೆ, ಹೊಟ್ಟೆಗೆ ತಂಪು ಬುತ್ತಿ ಬೇಕೆನ್ನುತ್ತಾನೆ. ಹುಡುಗ ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಮಲ್ಲಯ್ಯ ಇಲ್ಲ. ಹುಡುಗ ಅಳುತ್ತ, ಕೂಗುತ್ತ, ಶ್ರೀಶೈಲಕ್ಕೆ ಹೊರಟವರ ಬೆನ್ನು ಹತ್ತಿ ಹೋಗುತ್ತಾನೆ. ಅಲ್ಲಿ ಗುಡಿಯ ಲಿಂಗವನ್ನು ತೋರಿಸಿದರೆ ಇವನು ನನ್ನ ಮಲ್ಲಯ್ಯನಲ್ಲ ಎನ್ನುತ್ತಾನೆ. ಕಡೆಗೆ ಕಮರಿಯ ಅಂಚಿಗೆ ಬಂದು ಜೀವದ ಹಂಗನ್ನು ತೊರೆದಾಗ ಮಲ್ಲಯ್ಯ ಪ್ರತ್ಯಕ್ಷನಾಗಿ ಹಿಡಿದುಕೊಳ್ಳುತ್ತಾನೆ.

ಕಥೆ ಇಲ್ಲಿಗೆ ನಿಂತಿದ್ದರೆ ಅದು ಭಕ್ತನೊಬ್ಬನ ಸಾಕ್ಷಾತ್ಕಾರದ ಕಥೆ ಮಾತ್ರವಾಗುತ್ತಿತ್ತು. ರಾಘವಾಂಕ ಅಲ್ಲಿಗೆ ನಿಲ್ಲಿಸುವುದಿಲ್ಲ. ದೇವರು ಸಿಕ್ಕ ಬೆಟ್ಟದಲ್ಲಿ ಹುಡುಗ ಉಳಿಯುವಂತಿಲ್ಲ. ಸೊನ್ನಲಿಗೆಗೆ ಮರಳಬೇಕು, ಅದನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡಬೇಕು. ಈ ಮರಳುವಿಕೆಯಲ್ಲಿ ಕಾವ್ಯದ ದರ್ಶನವಿದೆ ಎಂದು ನಮ್ಮ ನಂಬಿಕೆ. ಮಲ್ಲಯ್ಯ ಮೊದಲು ಕಾಣಿಸಿಕೊಂಡದ್ದು ಬೆಟ್ಟದಲ್ಲಲ್ಲ, ದನ ಮೇಯುವ ಹೊಲದಲ್ಲಿ. ಕೇಳಿದ್ದು ತಪಸ್ಸನ್ನಲ್ಲ, ಬುತ್ತಿಯನ್ನು. ಹುಡುಗ ಬೆಟ್ಟಕ್ಕೆ ಹೋಗಿ ಕಲಿತು ಬಂದದ್ದು, ಹೊಲಕ್ಕೆ ಬಂದವನನ್ನು ಹೊಲದಲ್ಲಿಯೇ ಮತ್ತೆ ಬರಮಾಡಿಕೊಳ್ಳಬೇಕು ಎಂಬುದನ್ನು. ಬರಗಾಲಕ್ಕೆ ಹೆಸರಾದ ಈ ಕಪ್ಪು ಮಣ್ಣಿನ ಸೀಮೆಯಲ್ಲಿ ಬರಮಾಡಿಕೊಳ್ಳುವ ಬಗೆ ಯಾವುದು? ನೀರು ನಿಲ್ಲಿಸುವುದು. ಆದ್ದರಿಂದ ಕೆರೆ.

ಎರಡನೆಯ ಕಥನ ಶೂನ್ಯಸಂಪಾದನೆಯದು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಿಗೆ ಸಂಪಾದಿಸಿ, ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಪರಿಷ್ಕರಿಸಿದ ಈ ಕೃತಿ ಶರಣರ ಕಾಲಕ್ಕೆ ಶತಮಾನಗಳ ತರುವಾಯ ರೂಪುಗೊಂಡದ್ದು. ಇದನ್ನು ಇತಿಹಾಸವೆಂದಲ್ಲ, ವಚನಗಳನ್ನೇ ಮಾತಾಗಿಸಿ ಕಟ್ಟಿದ ನಾಟಕವೆಂದು ಓದುವುದು ವಿಹಿತ. ಇಲ್ಲಿ ಅಲ್ಲಮಪ್ರಭು ಕೆರೆಯ ಕೆಲಸ ನಡೆಯುತ್ತಿರುವಾಗ ಸೊನ್ನಲಿಗೆಗೆ ಬಂದು, ಎಲ್ಲಿದ್ದಾನೆ ನಿಮ್ಮ ಒಡ್ಡರಾಮ ಎಂದು ಕೇಳುತ್ತಾನೆ. ಮಣ್ಣು ಅಗೆಯುತ್ತಿದ್ದವರು ಸಿಟ್ಟಿಗೆದ್ದು ಕಲ್ಲು ಬೀರುತ್ತಾರೆ. ಸುದ್ದಿ ತಿಳಿದ ಸಿದ್ಧರಾಮನಿಗೂ ಕೋಪ ಬರುತ್ತದೆ. ಅಲ್ಲಮನ ಪರೀಕ್ಷೆ ಅಲ್ಲಿಗೆ ಮುಗಿಯುತ್ತದೆ: ಇಷ್ಟು ಕೆರೆ, ಇಷ್ಟು ಗುಡಿ ಕಟ್ಟಿದವನಿಗೆ ಒಂದು ಹೆಸರಿನ ಅವಮಾನವನ್ನು ತಾಳಿಕೊಳ್ಳಲಾಗಲಿಲ್ಲ.

ನಮ್ಮ ಸೂತ್ರದಂತೆ ನೋಡಿದರೆ ಅಲ್ಲಮ ಕೈಯಿಟ್ಟದ್ದು ಸರಿಯಾದ ಜಾಗದಲ್ಲಿಯೇ. ಕಟ್ಟಿಸುವವನಿಗೆ ಬರುವ ಆಮಿಷ ಅಕ್ಕಿಯದಲ್ಲ, ಚಿನ್ನದ್ದಲ್ಲ, ಹೆಸರಿನದು. ನಾನು ಮಾಡಿದೆ ಎಂಬುದು ದೊಡ್ಡ ಕೆಲಸದ ಬುಡದಲ್ಲಿ ಕುಳಿತ ಗೆದ್ದಲು. ಸಮಾಜಕ್ಕೆ ಒಳ್ಳೆಯದನ್ನು ಮಾಡುವವರಲ್ಲಿಯೇ ಅದು ಹೆಚ್ಚು ಎಂಬುದನ್ನು ಸಂಘಸಂಸ್ಥೆಗಳಲ್ಲಿ ತಲೆ ನರೆಸಿದ ನಾವೆಲ್ಲರೂ ಬಲ್ಲೆವು. ಕಲ್ಲಿನ ಮೇಲೆ ಯಾರ ಹೆಸರು ಮೊದಲು, ವೇದಿಕೆಯ ಮೇಲೆ ಯಾರ ಕುರ್ಚಿ ನಡುವೆ ಎಂಬ ವಿಚಾರಕ್ಕೆ ನಾವು ವ್ಯಯಿಸಿದ ಕಾಲವನ್ನು ಲೆಕ್ಕ ಹಾಕಿದರೆ ಅಲ್ಲಮನಿಗೆ ಇಂದೂ ಸಾಕಷ್ಟು ಕೆಲಸವಿದೆ.

ಆದರೆ ವಿಮರ್ಶೆ ಅಲ್ಲಮನ ಪಕ್ಷದಲ್ಲಿ ನಿಂತು ಮುಗಿಯಬಾರದು. ಆ ಪ್ರಸಂಗದಲ್ಲಿ ನಮಗೆ ಎರಡು ಸಂಶಯಗಳಿವೆ. ಒಂದು, ಒಡ್ಡ ಎಂಬ ಪದ ಅಲ್ಲಿ ಅವಮಾನವಾಗಿ ಬಳಕೆಯಾಗಿದೆ. ಮಣ್ಣು ಅಗೆಯುವವರ ಹೆಸರು ಬೈಗುಳವಾಗುವುದಾದರೆ ಕಾಯಕಕ್ಕೆ ಮೇಲುಕೀಳಿಲ್ಲವೆಂಬ ಶರಣರ ತತ್ತ್ವ ಆ ಗಳಿಗೆಯಲ್ಲಿ ಎಲ್ಲಿ ಹೋಯಿತು? ಅಲ್ಲಮ ಅದನ್ನು ಬೇಕೆಂದೇ ಪರೀಕ್ಷೆಗಾಗಿ ಬಳಸಿದ, ಆ ಹೆಸರನ್ನು ಅವಮಾನವೆಂದು ತಿಳಿದವರ ತಪ್ಪು ಅದು ಎಂದು ಸಮರ್ಥಿಸಬಹುದು. ಒಪ್ಪೋಣ. ಎರಡನೆಯ ಸಂಶಯ ಹೆಚ್ಚು ಗಂಭೀರವಾದದ್ದು. ಕಲ್ಲು ಬೀರಿದ ಆ ಜನ ಸಿಟ್ಟಾದದ್ದು ತಮ್ಮ ಒಡೆಯನಿಗಾಗಿಯೋ, ತಮ್ಮ ಹೆಸರನ್ನು ಹಗುರವಾಗಿ ಆಡಿದ್ದಕ್ಕಾಗಿಯೋ? ಕೃತಿ ಅವರನ್ನು ಕೇಳುವುದಿಲ್ಲ. ಇಬ್ಬರು ಮಹಾತ್ಮರ ಸಂವಾದ ಆರಂಭವಾದೊಡನೆ ಅವರು ರಂಗದಿಂದ ಮರೆಯಾಗುತ್ತಾರೆ. ಷಟ್ಪದಿಯ ಕಾವ್ಯದಲ್ಲಿಯೂ ಸಂವಾದದ ಕೃತಿಯಲ್ಲಿಯೂ ಬುಟ್ಟಿ ಹೊತ್ತವರು ಕಥೆಯ ನಡುವಿಗೆ ಬರುವುದಿಲ್ಲ. ನಮ್ಮ ಶಾಲೆಯ ಹೆಣ್ಣುಮಗಳು ಕೇಳಿದ ಪ್ರಶ್ನೆಯನ್ನು ಅವರಲ್ಲಿ ಒಬ್ಬರಾದರೂ ಕೇಳಿರಬಹುದಲ್ಲವೇ?

ಹಾಗಾದರೆ ಈ ಎರಡು ಕಥನಗಳಲ್ಲಿ ಯಾವುದನ್ನು ನಂಬಬೇಕು? ಕೆರೆಯನ್ನು ಕೊಂಡಾಡುವ ರಾಘವಾಂಕನನ್ನೋ, ಕೆರೆಯನ್ನು ಪ್ರಶ್ನಿಸುವ ಅಲ್ಲಮನನ್ನೋ? ಶೂನ್ಯಸಂಪಾದನೆಯಲ್ಲಿ ಸಿದ್ಧರಾಮ ಅಲ್ಲಮನೊಡನೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಇದನ್ನು ಆಧರಿಸಿ, ಹೊರಗಿನ ಕೆಲಸವೆಲ್ಲ ವ್ಯರ್ಥ, ಒಳಗಿನದೇ ಸತ್ಯ ಎಂದು ತೀರ್ಪು ಕೊಡುವವರಿದ್ದಾರೆ. ಆ ತೀರ್ಪನ್ನು ನಾವು ಒಪ್ಪಲಾರೆವು. ನಮ್ಮ ಕಣ್ಣೆದುರಿಗೆ ಕೆರೆ ಇದೆ. ಅದರ ನೀರಿನ ನಡುವೆ ಸಿದ್ಧೇಶ್ವರನ ಗುಡಿ ಇದೆ, ಗುಡಿಯ ಅಂಗಳದಲ್ಲಿ ಅವನ ಸಮಾಧಿ ಇದೆ. ಕಲ್ಯಾಣವನ್ನು ಕಂಡ ಸಿದ್ಧರಾಮನನ್ನೂ ಈ ನೆಲ ಕೆರೆಯ ಸಿದ್ಧರಾಮನಾಗಿಯೇ ಉಳಿಸಿಕೊಂಡಿದೆ. ಅಲ್ಲಮ ಕಳಚಿದ್ದು ಕೆರೆಯನ್ನಲ್ಲ, ಕೆರೆಗೆ ಅಂಟಿದ್ದ ಹೆಸರನ್ನು. ಪ್ರಶ್ನೆಯಿಲ್ಲದ ಕೆರೆ ಕೀರ್ತಿಸ್ತಂಭವಾಗುತ್ತದೆ. ಕೆರೆಯಿಲ್ಲದ ಪ್ರಶ್ನೆ ಬಾಯಾರಿದವನಿಗೆ ನೀರು ಕೊಡದು. ಎರಡು ಕೃತಿಗಳನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಸಿದ್ಧರಾಮ ಇಡಿಯಾಗಿ ನಮಗೆ ದಕ್ಕುತ್ತಾನೆ.

ಇಲ್ಲಿ ನಮ್ಮ ಊರಿನ ಮಗಳಾದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯುವುದು ಕರ್ತವ್ಯ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ, ಮರಾಠಿಯಲ್ಲಿ ಶಾಲೆ ಕಲಿತು, ಮುಂದೆ ಸ್ವಂತ ಶ್ರಮದಿಂದ ಕನ್ನಡವನ್ನು ಒಲಿಸಿಕೊಂಡವರು ಅವರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಆ ಪೀಠವನ್ನು ಅಲಂಕರಿಸಿದ ಮೊದಲ ಮಹಿಳೆಯಾದರು. ಅವರ ‘ಶ್ರೀ ಸಿದ್ಧರಾಮೇಶ್ವರ ಪುರಾಣ’ ತ್ರಿಪದಿಯಲ್ಲಿದೆ. ರಾಘವಾಂಕನ ಷಟ್ಪದಿ ಮಾದರಿಯಾಗಿ ಎದುರಿಗಿದ್ದರೂ ಅವರು ತ್ರಿಪದಿಯನ್ನು ಆರಿಸಿಕೊಂಡದ್ದು ನಮಗೆ ಬಹಳ ಅರ್ಥಪೂರ್ಣವಾಗಿ ತೋರುತ್ತದೆ.

ತ್ರಿಪದಿ ಬೀಸುಕಲ್ಲಿನ ಛಂದಸ್ಸು. ನಮ್ಮ ಅವ್ವ ಕೋಳಿ ಕೂಗುವ ಹೊತ್ತಿಗೆ ಎದ್ದು ಜೋಳ ಬೀಸುತ್ತ ಹಾಡುತ್ತಿದ್ದುದು ಅದರಲ್ಲಿಯೇ. ಹಾಸಿಗೆಯಲ್ಲಿ ಮಲಗಿದ್ದ ನಮಗೆ ಕಲ್ಲಿನ ಗುರುಗುರು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಮೊದಲಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಬೀಸುವುದು ಲೌಕಿಕ, ಹಾಡುವುದು ಪಾರಮಾರ್ಥಿಕ ಎಂಬ ಭೇದ ಅವಳಿಗೆ ಇರಲಿಲ್ಲ. ಹಿಟ್ಟು ಬೇಕಾಗಿತ್ತು, ಹಾಡೂ ಬೇಕಾಗಿತ್ತು. ಕೈದಣಿವನ್ನು ಹಾಡು ಮರೆಸುತ್ತಿತ್ತು ಎಂಬುದೂ ಸುಳ್ಳಲ್ಲ. ಆದರೆ ದಣಿವೇ ಇಲ್ಲವೆಂದು ಆ ಹಾಡು ಎಂದೂ ಹೇಳಲಿಲ್ಲ. ನಮ್ಮ ಜನಪದ ತ್ರಿಪದಿಗಳಲ್ಲಿ ತವರಿನ ಹಂಬಲವಿದೆ, ಅತ್ತೆಯ ಮನೆಯ ಸಂಕಟವಿದೆ, ಬಡತನದ ನಿಟ್ಟುಸಿರಿದೆ, ಅವುಗಳ ನಡುವೆಯೇ ದೇವರ ಸ್ಮರಣೆಯಿದೆ. ಗೋಡೆಯ ಬರಹಕ್ಕೂ ಬೀಸುಕಲ್ಲಿನ ಹಾಡಿಗೂ ಇರುವ ಅಂತರ ಇದೇ. ಬರಹ ದಣಿವನ್ನು ಅಲ್ಲಗಳೆಯುತ್ತದೆ, ಹಾಡು ದಣಿವನ್ನು ಒಳಗೊಳ್ಳುತ್ತದೆ. ಕೆರೆ ಕಟ್ಟಿಸಿದ ಮಹಾಪುರುಷನ ಕಥೆಯನ್ನು ಆ ಛಂದಸ್ಸಿಗೆ ತಂದ ಜಯದೇವಿತಾಯಿಯವರು, ರಾಘವಾಂಕನೂ ಶೂನ್ಯಸಂಪಾದನಕಾರರೂ ನಡುಮನೆಗೆ ಕರೆಯದಿದ್ದ ದುಡಿಯುವ ದನಿಯನ್ನು ಲಯದ ರೂಪದಲ್ಲಾದರೂ ಒಳಗೆ ಕರೆದರು ಎಂದು ನಾವು ಭಾವಿಸುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ವಾದಕ್ಕೇ ಬರಬಹುದಾದ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಸೊಲ್ಲಾಪುರದ ಓಣಿಗಳಲ್ಲಿ ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿದ್ದಾರೆ. ಅವರ ಮುಂದೆ ಲಕ್ಕಮ್ಮನ ಕಥೆಯನ್ನು ಹೇಳಿ, ಹೆಚ್ಚಿನ ಅಕ್ಕಿಯನ್ನು ಮರಳಿಸಿ ಎಂದರೆ ಅದಕ್ಕೆ ಏನರ್ಥ? ಮರಳಿಸಲು ಅವರ ಮನೆಯಲ್ಲಿ ಹೆಚ್ಚಿನದು ಎಲ್ಲಿದೆ? ಈ ಆಕ್ಷೇಪಣೆ ನ್ಯಾಯವಾದದ್ದು. ಇದಕ್ಕೆ ನಮ್ಮ ಉತ್ತರ ಒಂದೇ. ಸಾಕು ಎಂಬ ಮಾತನ್ನು ಲಕ್ಕಮ್ಮ ತನ್ನ ಮನೆಯೊಳಗೆ ಹೇಳಿದಳು, ಪರರ ಮನೆಯ ಮುಂದೆ ನಿಂತು ಹೇಳಲಿಲ್ಲ. ಸಾಕು ಎಂಬುದನ್ನು ಮನುಷ್ಯ ತನಗೆ ತಾನೇ ಹೇಳಿಕೊಳ್ಳಬಹುದು. ಇನ್ನೊಬ್ಬರಿಗೆ ಹೇಳಬೇಕಾದದ್ದು, ನಿಮಗೆ ಸಾಲುತ್ತಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ. ಇದನ್ನು ಮರೆತರೆ ವಚನ ಮತ್ತೆ ಗೋಡೆಯ ಮೇಲೇರುತ್ತದೆ.

ಇನ್ನೊಂದು ಪ್ರಶ್ನೆ ನಮ್ಮ ವಯಸ್ಸಿನವರದು. ಕೆಲಸವೇ ಮುಗಿದುಹೋದ ಮೇಲೆ ಕಾಯಕದ ಮಾತೇನು? ಈ ಊರಿನ ಬಟ್ಟೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದಾಗ, ಭೋಂಗಾದ ಸದ್ದಿಗೆ ಎದ್ದು ಹೊರಡುತ್ತಿದ್ದ ಗಂಡಸರು ಆ ಸದ್ದು ನಿಂತ ಮೇಲೆಯೂ ಅದೇ ಹೊತ್ತಿಗೆ ಎದ್ದು ಕಟ್ಟೆಯ ಮೇಲೆ ಕುಳಿತಿರುತ್ತಿದ್ದುದನ್ನು ನಾವು ಕಂಡಿದ್ದೇವೆ. ನಿವೃತ್ತರಾದ ಮೊದಲ ವರ್ಷ ನಾವೂ ಹಾಗೆಯೇ ಕುಳಿತಿದ್ದೆವು. ಕೆಲಸವನ್ನೇ ಕೈಲಾಸವೆಂದು ನಂಬಿದವನಿಗೆ ಕೆಲಸ ಹೋದ ದಿನ ಕೈಲಾಸವೂ ಹೋಗುತ್ತದೆ. ಅದನ್ನು ಒರೆಗಲ್ಲೆಂದು ತಿಳಿದವನಿಗೆ ಹಾಗಾಗದು, ಏಕೆಂದರೆ ಒರೆಗಲ್ಲು ದೊಡ್ಡದೇ ಆಗಿರಬೇಕೆಂದಿಲ್ಲ. ಮಾರಯ್ಯನಿಗೆ ಹೊಲವಿರಲಿಲ್ಲ, ಅಂಗಡಿಯಿರಲಿಲ್ಲ, ಪದವಿಯಿರಲಿಲ್ಲ. ಇದ್ದದ್ದು ಅಂಗಳದಲ್ಲಿ ಚೆಲ್ಲಿದ ಕಾಳು. ಈ ವಯಸ್ಸಿನಲ್ಲಿ ನಮ್ಮ ಪಾಲಿಗೆ ಉಳಿದಿರುವುದೂ ಅಂಥ ಕಾಳುಗಳೇ. ಮರಾಠಿ ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ಸಂಜೆ ನಾಲ್ಕು ಕನ್ನಡ ಅಕ್ಷರ ತಿದ್ದಿಸುವುದು, ನೆರೆಮನೆಯ ಮುದುಕಿಯ ಪಿಂಚಣಿಯ ಅರ್ಜಿ ಬರೆದುಕೊಡುವುದು. ಇವುಗಳಲ್ಲಿಯೂ ಆಮಿಷಗಳಿವೆ. ಮೊಮ್ಮಗು ತಪ್ಪು ಬರೆದಾಗ ಹಳೆಯ ಮುಖ್ಯೋಪಾಧ್ಯಾಯ ಎದ್ದು ನಿಲ್ಲುತ್ತಾನೆ. ಅರ್ಜಿ ಬರೆದುಕೊಟ್ಟ ಮೇಲೆ ಕೃತಜ್ಞತೆಯ ಮಾತನ್ನು ಕಿವಿ ಕಾಯುತ್ತದೆ. ಒರೆಗಲ್ಲು ನಮ್ಮನ್ನು ಇನ್ನೂ ಬಿಟ್ಟಿಲ್ಲ ಎಂಬುದಕ್ಕೆ ಇಷ್ಟು ಸಾಕು.

ನಮ್ಮ ವೃತ್ತಿಯ ಆಮಿಷ ಯಾವುದಾಗಿತ್ತು ಎಂಬುದನ್ನೂ ಹೇಳಿ ಮುಗಿಸಬೇಕು. ಬೋಧಿಸುವವನಿಗೆ ಬರುವ ಆಮಿಷ ಬೋಧನೆಯೇ. ಗೋಡೆಗೆ ಬಣ್ಣ ಹಚ್ಚಿ ಸೂಕ್ತಿ ಬರೆಸುವುದು ಸುಲಭ. ಮೇಜಿನ ಮೇಲಿನ ಬಿಲ್ಲಿಗೆ ಹೊತ್ತಿಗೆ ಸರಿಯಾಗಿ ಸಹಿ ಹಾಕುವುದು ಬೇಸರದ ಕೆಲಸ. ಆ ಬೇಸರದ ಕೆಲಸದಲ್ಲಿ ನಮ್ಮ ಕಾಯಕವಿತ್ತು, ನಾವು ಅದನ್ನು ಸೂಕ್ತಿಯಲ್ಲಿ ಹುಡುಕಿದೆವು. 1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿ ವಚನಗಳನ್ನು ಕನ್ನಡಿಗರೆಲ್ಲರ ಕೈಗಿತ್ತದ್ದು ಓದಲಿಕ್ಕಾಗಿ. ನಾವು ಅವುಗಳನ್ನು ತುಂಡರಿಸಿ ಗೋಡೆಗೆ ಬಡಿದೆವು.

ಆದ್ದರಿಂದ ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಮ್ಮೇಳನದ ವೇದಿಕೆಯ ಮೇಲೆ ಆ ಎರಡು ಪದಗಳನ್ನು ಬರೆಸುವುದಾದರೆ ಬರೆಸೋಣ. ಆದರೆ ಸಭೆ ಆರಂಭವಾಗುವ ಮುನ್ನ ಮಾರಯ್ಯ ಲಕ್ಕಮ್ಮರ ಸಂವಾದವನ್ನು ಮೊದಲಿಂದ ಕೊನೆಯವರೆಗೆ ಇಬ್ಬರು ಮಕ್ಕಳಿಂದ ಓದಿಸೋಣ. ಕಾಲು ಗಂಟೆಗಿಂತ ಹೆಚ್ಚು ಹಿಡಿಯದು. ಮತ್ತು ಮಂಟಪ ಕಟ್ಟಿದವರ, ಅಡಿಗೆ ಮಾಡಿದವರ, ಕಸ ತೆಗೆದವರ ಲೆಕ್ಕವನ್ನು ಸಭೆ ಮುಗಿಯುವ ದಿನವೇ ಚುಕ್ತಾ ಮಾಡೋಣ.